ರೆಡಿಂಗ್‌ನ ನೀರು, ನಿನ್ನ ಗುಂಗುರು ಕೂದಲು

ಪ್ರೀತಿಯ ತಂಗಿ,

ನಿನ್ನ ಪ್ರಶ್ನೆ ಓದಿದೆ. "ಅಕ್ಕಾ, ಮೈಸೂರಿನಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಓದಲು ಬಂದು ಒಂದು ಟರ್ಮ್ ಮುಗಿಯಿತು. ಚಳಿ, ಬಾಡಿಗೆ, ಅಡುಗೆ ಎಲ್ಲಕ್ಕೂ ಹೇಗೋ ಹೊಂದಿಕೊಂಡೆ. ಕೂದಲು ಮಾತ್ರ ತೆಂಗಿನ ನಾರಾಗಿದೆ. ಸೀಗೆಪುಡಿ, ಮೆಂತ್ಯ, ದಾಸವಾಳದ ಪುಡಿ ಎಲ್ಲ ಪಾರ್ಸೆಲ್ ಮಾಡುತ್ತೇನೆ ಅಂತ ಅಮ್ಮ ಹೇಳುತ್ತಿದ್ದಾರೆ. ಸುಮ್ನೆ ಸ್ಟ್ರೇಟನಿಂಗ್ ಮಾಡಿಸಿಬಿಡು, ಇಂಟರ್‌ವ್ಯೂಗೂ ಒಳ್ಳೆಯದು ಅಂತ ರೂಮ್‌ಮೇಟ್ ಹೇಳುತ್ತಾಳೆ. ಏನು ಮಾಡಲಿ?" ಅಂತ ಕೇಳಿದ್ದೀಯ.

ಪಾರ್ಸೆಲ್ಲೂ ಬೇಡ, ಸ್ಟ್ರೇಟನಿಂಗೂ ಬೇಡ. ನಿನ್ನ ಕೂದಲು ಕೆಟ್ಟಿಲ್ಲ. ನೀರು ಬದಲಾಗಿದೆ, ಅಷ್ಟೇ.

ನಿನ್ನ ಕೆಟಲ್‌ನ ಮುಚ್ಚಳ ತೆಗೆದು ಒಳಗೆ ನೋಡು. ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಡಿಕಾಕ್ಷನ್ ಟೀ ಮಾಡಿ ಐದು ನಿಮಿಷ ಬಿಟ್ಟರೆ ಮೇಲೆ ತೆಳ್ಳಗೆ ಪೊರೆ ತೇಲುತ್ತದೆ. ಇಂಗ್ಲೆಂಡಿನ ಈ ಆಗ್ನೇಯ ಭಾಗದಲ್ಲಿ ನೆಲದಡಿ ಇರುವುದು ಸೀಮೆಸುಣ್ಣದ ಬಂಡೆ. ಮಳೆ ನೀರು ಅದರೊಳಗೆ ಇಳಿದು, ಕ್ಯಾಲ್ಸಿಯಂ ಹೊತ್ತುಕೊಂಡು ನಮ್ಮ ನಲ್ಲಿಗೆ ಬರುತ್ತದೆ. ಲೀಟರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 200 ಮಿಲಿಗ್ರಾಂ ದಾಟಿದರೆ ಗಡಸು ನೀರು ಅನ್ನುತ್ತಾರೆ. ಲಂಡನ್, ರೆಡಿಂಗ್ ಕಡೆಯೆಲ್ಲ ಅದಕ್ಕಿಂತ ಜಾಸ್ತಿಯೇ. ನೀರಿನ ಕಂಪನಿಯ ವೆಬ್‌ಸೈಟಿನಲ್ಲಿ ನಿನ್ನ ಪೋಸ್ಟ್‌ಕೋಡ್ ಹಾಕಿದರೆ ನಿನ್ನ ಬೀದಿಯ ಲೆಕ್ಕವೇ ಸಿಗುತ್ತದೆ. ಬೆಂಗಳೂರಲ್ಲಿ ಕಾವೇರಿ ನೀರಿದ್ದ ಮನೆ ಬಿಟ್ಟು ಬೋರ್‌ವೆಲ್ ನೀರಿನ ಪಿ.ಜಿ.ಗೆ ಹೋದವರನ್ನು ಕೇಳು, ಇದೇ ಗೋಳು ಹೇಳುತ್ತಾರೆ.

ನಾನು ಈ ದೇಶಕ್ಕೆ ಬಂದಾಗ ಮೊದಲು ಇದ್ದದ್ದು ಗ್ಲಾಸ್ಗೋದಲ್ಲಿ. ಅಲ್ಲಿಗೆ ನೀರು ಬರುವುದು ಲಾಕ್ ಕ್ಯಾಟ್ರಿನ್ ಅನ್ನುವ ಸರೋವರದಿಂದ. 1859ರಿಂದಲೂ ಅದೇ ನೀರು. ಎಷ್ಟು ಮೆದು ಅಂದರೆ ಒಂದು ಚೂರು ಸೋಪಿಗೆ ಬೊಗಸೆ ತುಂಬ ನೊರೆ. ಅಲ್ಲಿ ಮಳೆ, ಚಳಿ, ಕತ್ತಲೆ ಎಲ್ಲ ನಿನ್ನ ರೆಡಿಂಗ್‌ಗಿಂತ ಜಾಸ್ತಿ, ಆದರೂ ನನ್ನ ಗುಂಗುರು ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ದಕ್ಷಿಣಕ್ಕೆ ಬಂದ ಮೇಲೆಯೇ ಶುರುವಾಗಿದ್ದು. ಹಾಗಾಗಿ "ಫಾರಿನ್ ಹವಾ ಕೂದಲಿಗೆ ಆಗಲ್ಲ" ಅನ್ನುವವರ ಮಾತು ತಲೆಗೆ ಹಾಕಿಕೊಳ್ಳಬೇಡ.

ಗುಂಗುರು ಕೂದಲಿಗೇ ಯಾಕೆ ಇಷ್ಟು ತೊಂದರೆ ಅಂದರೆ, ನೆತ್ತಿಯಲ್ಲಿ ಬರುವ ಎಣ್ಣೆ ನೆಟ್ಟಗಿರುವ ಕೂದಲಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ನಮ್ಮದರಲ್ಲಿ ಪ್ರತಿ ತಿರುವಲ್ಲೂ ನಿಲ್ಲುತ್ತದೆ. ಬುಡ ಜಿಡ್ಡು, ತುದಿ ಒಣಕಲು. ಅದರ ಮೇಲೆ ಸುಣ್ಣದ ಪದರ ಕೂತರೆ ಕೂದಲು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸಿಕ್ಕಾಗುತ್ತದೆ.

ಇನ್ನು ಮನೆಮದ್ದಿನ ವಿಷಯ. ಊರಲ್ಲಿ ಅಜ್ಜಿ ಹಾಕುತ್ತಿದ್ದ ಒಂದೊಂದು ಸಾಮಾನಿಗೂ ಒಂದೊಂದು ಕೆಲಸ ಇತ್ತು. ಸೀಗೆಕಾಯಿ, ಅಂಟವಾಳ, ಚಿಗರೆ ಪುಡಿ ಕೊಳೆ ತೆಗೆಯುವುದಕ್ಕೆ. ದಾಸವಾಳದ ಸೊಪ್ಪು, ಮೆಂತ್ಯ ಲೋಳೆಗೆ, ಅಂದರೆ ಸಿಕ್ಕು ಬಿಡುವುದಕ್ಕೆ. ನಿಂಬೆಹಣ್ಣು, ನೆಲ್ಲಿಕಾಯಿ ಹುಳಿಗೆ. ಕೆಲಸ ಗೊತ್ತಿದ್ದರೆ ಸಾಮಾನು ಯಾವ ಊರಲ್ಲಾದರೂ ಹುಡುಕಿಕೊಳ್ಳಬಹುದು. ಪಾರ್ಸೆಲ್ ಬೇಡ ಅಂದದ್ದು ಇದಕ್ಕೇ. ಎಲಿಜಬೆತ್ ಲೈನ್ ರೈಲು ಹತ್ತಿದರೆ ರೆಡಿಂಗ್‌ನಿಂದ ನೇರ ಸೌತಾಲ್, ಲಂಡನ್ನಿನಲ್ಲಿ ನಮ್ಮ ಕಡೆಯ ಸಾಮಾನಿನ ಅಂಗಡಿಗಳಿರುವ ಜಾಗ. ಅಲ್ಲಿ ಸೀಗೆ, ಅಂಟವಾಳ, ನೆಲ್ಲಿಚಟ್ಟು ಎಲ್ಲ ಸಿಗುತ್ತದೆ. ನಿನ್ನ ಊರಿನ ಆಕ್ಸ್‌ಫರ್ಡ್ ರೋಡಿನ ಅಂಗಡಿಗಳಲ್ಲೂ ಕೇಳಿ ನೋಡು. ಚಿಗರೆ ಪುಡಿ ಮಾತ್ರ ನಾನು ಇಲ್ಲಿ ಕಂಡಿಲ್ಲ. ಇನ್ನೊಂದು, ರಜೆಗೆ ಹೋಗಿ ಬರುವಾಗ ಹಸಿ ಕರಿಬೇವು ಬ್ಯಾಗಿಗೆ ಹಾಕಿಕೊಳ್ಳಬೇಡ. ನಿಂಬೆ, ಕಿತ್ತಳೆ ಗಿಡಗಳ ರೋಗ ಬರುತ್ತದೆ ಅಂತ ಅದಕ್ಕೆ ಇಲ್ಲಿ ನಿಷೇಧ ಇದೆ. ಏರ್‌ಪೋರ್ಟಲ್ಲಿ ಕಿತ್ತುಕೊಳ್ಳುತ್ತಾರೆ.

ಈಗ ಒಂದು ಗಟ್ಟಿ ಮಾತು. ಗುಂಗುರು ಕೂದಲಿಗೆ ಅರೆದದ್ದು, ಪುಡಿ ಮಾಡಿದ್ದು ಯಾವುದನ್ನೂ ನೇರವಾಗಿ ಹಚ್ಚಬೇಡ. ಸೋಸಿದ ರಸ ಮಾತ್ರ. ಮೆಂತ್ಯ ಅರೆದು ಹಚ್ಚಿಕೊಂಡರೆ ಅದರ ಚರಟ ಸುರುಳಿಯೊಳಗೆ ಕೂತು, ವಾರಗಟ್ಟಲೆ ಹೆಗಲ ಮೇಲೆ ಉದುರುತ್ತದೆ. ನೋಡುವವರಿಗೆ ಹೊಟ್ಟು ಅನ್ನಿಸುತ್ತದೆ. ಕಡಲೆಹಿಟ್ಟಿನದ್ದೂ ಇದೇ ಪಾಡು. ಊರಲ್ಲಿ ಹಂಡೆ ನೀರು ಚೊಂಬಲ್ಲಿ ಸುರಿದುಕೊಂಡು ತೊಳೆಯುತ್ತಿದ್ದೆವು, ಹೋಗುತ್ತಿತ್ತು. ಇಲ್ಲಿನ ಶವರ್‌ನಲ್ಲಿ ಹೋಗುವುದಿಲ್ಲ. ಸಾಲದ್ದಕ್ಕೆ ಸೀಗೆಪುಡಿಯ ಗಸಿ ಶವರ್ ಟ್ರೇಯ ಕಿಂಡಿ ಕಟ್ಟಿಸುತ್ತದೆ, ಟೈಲ್ಸ್ ಸಂದುಗಳಲ್ಲಿ ಕಂದು ಕಲೆ ಬಿಡುತ್ತದೆ. ಬಾಡಿಗೆ ಮನೆ ಬಿಡುವಾಗ ಡೆಪಾಸಿಟ್ಟಿನಲ್ಲಿ ಮುರಿದುಕೊಳ್ಳಲು ಅವರಿಗೆ ಅಷ್ಟು ಸಾಕು.

ಸೀಗೆ ರಸಕ್ಕೆ ಪುಡಿ ತರಬೇಡ, ಇಡೀ ಕಾಯಿ ತಾ. ಒಂದು ಹಿಡಿ ಮುರಿದ ಸೀಗೆಕಾಯಿ, ಬೀಜ ತೆಗೆದ ನಾಲ್ಕೈದು ಅಂಟವಾಳ, ಎರಡು ಚೂರು ಒಣ ನೆಲ್ಲಿಚಟ್ಟು. ಕುದಿಸಿ ಆರಿಸಿದ ನೀರಲ್ಲಿ ರಾತ್ರಿ ನೆನೆಹಾಕು. ಕುದಿಸಿದ್ದೇ ಯಾಕೆ ಅಂದರೆ ಕುದಿದಾಗ ಸುಣ್ಣ ಒಂದಷ್ಟು ತಳಕ್ಕೆ ಕೂರುತ್ತದೆ, ಕೆಟಲ್‌ನಲ್ಲಿ ನೋಡಿದೆಯಲ್ಲ. ಮೇಲಿನ ತಿಳಿ ಮಾತ್ರ ಬಗ್ಗಿಸಿಕೊ. ಬೆಳಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕಾಯಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸು. ಶಾಂಪೂ ಥರ ನೊರೆ ಬರುವುದಿಲ್ಲ, ಗಾಬರಿಯಾಗಬೇಡ. ನೆತ್ತಿಗೆ ಮಾತ್ರ ಹಾಕು, ತುದಿಗೆ ಇಳಿದು ಬಂದಷ್ಟೇ ಸಾಕು. ಕಣ್ಣು ಬಿಗಿಯಾಗಿ ಮುಚ್ಚಿಕೊ, ಉರಿಯ ವಿಷಯದಲ್ಲಿ ಸೀಗೆ ದೇಶ ನೋಡುವುದಿಲ್ಲ.

ನಿಜ ಹೇಳಬೇಕೆಂದರೆ ನಾನು ಪ್ರತಿ ಸಲ ಸೀಗೆ ಹಾಕುವುದಿಲ್ಲ. ಕೆಲಸ, ಮಕ್ಕಳು, ಅದಕ್ಕೆಲ್ಲ ಪುರುಸೊತ್ತು ಎಲ್ಲಿ. ವಾರದಲ್ಲಿ ಮೆದು ಶಾಂಪೂ, ಪುರುಸೊತ್ತಿದ್ದ ಭಾನುವಾರ ಸೀಗೆ. ಆದರೆ ತಿಂಗಳಿಗೊಮ್ಮೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದುಕೊಳ್ಳುವ ರಾಸಾಯನಿಕ) ಇರುವ ಶಾಂಪೂ ಹಾಕಿ ಸುಣ್ಣ ತೆಗೆಯುತ್ತೇನೆ. ಕೂತ ಸುಣ್ಣಕ್ಕೆ ಸೀಗೆ ಅಷ್ಟಾಗಿ ಬಗ್ಗುವುದಿಲ್ಲ. "ಎಲ್ಲ ನೈಸರ್ಗಿಕವೇ ಆಗಬೇಕು" ಅಂತ ಹಟ ಹಿಡಿಯುವವರು ಈ ಊರಿನ ನೀರು ಯಾವ ಬಂಡೆಯಿಂದ ಬರುತ್ತದೆ ಅಂತ ಒಮ್ಮೆ ಯೋಚಿಸಬೇಕು. ಕೊನೆಯ ಚೊಂಬಿಗೆ ಹುಳಿ ಮಾತ್ರ ತಪ್ಪಿಸಬೇಡ: ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಆ್ಯಪಲ್ ಸೈಡರ್ ವಿನಿಗರ್. ಶವರ್‌ಗೆ ಸಿಕ್ಕಿಸುವ ಫಿಲ್ಟರ್ ಜಾಹೀರಾತು ನೋಡಿ ದುಡ್ಡು ಕಳೆಯಬೇಡ. ಅವು ಕ್ಲೋರಿನ್ ತೆಗೆಯಬಹುದು, ಗಡಸುತನ ತೆಗೆಯಲು ಬೇರೆಯೇ ಯಂತ್ರ ಬೇಕು, ಅದನ್ನು ಬಾಡಿಗೆ ಮನೆಗೆ ಯಾರೂ ಹಾಕಿಕೊಡುವುದಿಲ್ಲ.

ದಾಸವಾಳದ ಸೊಪ್ಪಿನ ಲೋಳೆ ಇಲ್ಲಿ ನಿಜವಾಗಲೂ ನೆನಪಾಗುತ್ತದೆ. ನಮ್ಮ ದಾಸವಾಳ ಇಲ್ಲಿನ ಮಂಜಿಗೆ ತಡೆಯುವುದಿಲ್ಲ. ಕಿಟಕಿ ಪಕ್ಕ ಕುಂಡದಲ್ಲಿ ಸಾಕಬಹುದು, ಆದರೆ ತಲೆಗೆ ಹಾಕುವಷ್ಟು ಸೊಪ್ಪು ಕಿತ್ತರೆ ಗಿಡ ಬೋಳು. ಅದರ ನೆಂಟರಿದ್ದಾರೆ ನೋಡು. ಬೆಂಡೆಕಾಯಿ ಅದೇ ಕುಟುಂಬದ್ದು. ಮಾರ್ಷ್‌ಮ್ಯಾಲೋ ಅಂತ ಈ ದೇಶದ ಜೌಗು ನೆಲದಲ್ಲೇ ಬೆಳೆಯುವ ಗಿಡವೂ ಅದೇ ಕುಟುಂಬದ್ದು. ಅದರ ಒಣ ಬೇರು ಗಿಡಮೂಲಿಕೆ ಅಂಗಡಿಗಳಲ್ಲಿ ಸಿಗುತ್ತದೆ. ತಣ್ಣೀರಲ್ಲಿ ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಕೈಗೆ ಜಾರುವಂಥ ಲೋಳೆ. ಅದನ್ನು ಒದ್ದೆ ಕೂದಲಿಗೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸು. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಲೇಬೇಡ.

ಸುರುಳಿ ನಿಲ್ಲಬೇಕಾದರೆ ಅಗಸೆ ಬೀಜ. ಉತ್ತರ ಕರ್ನಾಟಕದವರಿಗೆ ಅಗಸೆ ಅಂದರೆ ಚಟ್ನಿಪುಡಿ, ನನಗೆ ಜೆಲ್. ಇಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಲಿನ್ಸೀಡ್ ಅಂತಲೂ ಬರೆದಿರುತ್ತಾರೆ. ಇಡೀ ಬೀಜವೇ ತಗೋ, ಪುಡಿ ಬೇಡ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು, ಸಣ್ಣ ಉರಿ. ಪಕ್ಕದಲ್ಲೇ ನಿಂತು ತಿರುವುತ್ತಿರು, ಫೋನ್ ನೋಡುತ್ತಾ ನಿಂತರೆ ತಳ ಹಿಡಿಯುತ್ತದೆ. ಏಳೆಂಟು ನಿಮಿಷಕ್ಕೆ ಅಂಚಲ್ಲಿ ಬಿಳಿ ನೊರೆ ಏಳುತ್ತದೆ. ಚಮಚ ಎತ್ತಿದರೆ ಮೊಟ್ಟೆಯ ಬಿಳಿಯಷ್ಟು ಮಂದ, ಸಣ್ಣ ಎಳೆ ಎಳೆಯಾಗಿ ಇಳಿಯಬೇಕು. ಆ ಕ್ಷಣವೇ ಇಳಿಸು. ಆರಲು ಬಿಟ್ಟರೆ ಕೆಟ್ಟೆ, ಬೀಜ ಲೋಳೆ ಎರಡೂ ಒಂದೇ ಮುದ್ದೆಯಾಗಿ ಯಾವ ಜರಡಿಯಲ್ಲೂ ಇಳಿಯುವುದಿಲ್ಲ. ಬಿಸಿ ಇರುವಾಗಲೇ ಹಳೆಯ, ತೊಳೆದ ನೈಲಾನ್ ಸ್ಟಾಕಿಂಗ್‌ನೊಳಗೆ ಸುರಿದು, ಗಂಟು ಹಾಕಿ, ಇಕ್ಕಳದಲ್ಲಿ ಹಿಂಡು. ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡು. ಒಂದು ವಾರಕ್ಕಿಂತ ಜಾಸ್ತಿ ಇಡಬೇಡ, ಇದಕ್ಕೆ ಕೆಡದ ಹಾಗೆ ಏನೂ ಹಾಕಿಲ್ಲ. ವಾಸನೆ ಹುಳಿಯಾದರೆ ಎಸೆ. ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಬೇಕಾದಾಗ ಎರಡು ತುಂಡು ಕರಗಿಸಿಕೊ. ಟ್ರೇ ಮೇಲೆ ಹೆಸರು ಬರೆದಿಡು, ಇಲ್ಲದಿದ್ದರೆ ರೂಮ್‌ಮೇಟ್ ಜ್ಯೂಸಿಗೆ ಹಾಕಿಕೊಳ್ಳುತ್ತಾಳೆ.

ಹಚ್ಚುವುದು ನೀರು ತೊಟ್ಟಿಕ್ಕುವಷ್ಟು ಒದ್ದೆ ಇರುವಾಗ. ಅಂಗೈಯಲ್ಲಿ ಸವರಿಕೊಂಡು, ತಲೆ ಬಗ್ಗಿಸಿ, ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಚುಕುತ್ತಾ ಬಾ. ಟವೆಲ್ಲಿನಲ್ಲಿ ಉಜ್ಜಬೇಡ, ಹಳೆಯ ಕಾಟನ್ ಟೀ-ಶರ್ಟಿನಲ್ಲಿ ಒತ್ತಿ ನೀರು ತೆಗೆ. ಇನ್ನು ಡ್ರೈಯರ್. ಇಲ್ಲಿನ ಬಾತ್‌ರೂಮಿನಲ್ಲಿ ಶೇವರ್ ಸಾಕೆಟ್ ಬಿಟ್ಟು ಬೇರೆ ಪ್ಲಗ್ ಪಾಯಿಂಟ್ ಇರುವುದಿಲ್ಲ, ಹಾಗಾಗಿ ನೀರು ಸುರಿಸಿಕೊಂಡು ರೂಮಿಗೆ ಓಡಬೇಕು. ಕಾರ್ಪೆಟ್ ಮೇಲೆ ಒಂದು ಹಳೆಯ ಬಟ್ಟೆ ಹಾಸಿಟ್ಟಿರು. ಡ್ರೈಯರ್‌ಗೆ ಡಿಫ್ಯೂಸರ್, ಅಂದರೆ ಗಾಳಿಯನ್ನು ಹರಡಿ ಬಿಡುವ ಅಗಲ ಮೂತಿ ಸಿಕ್ಕಿಸಿ, ಕಡಿಮೆ ಬಿಸಿಯಲ್ಲಿ ಒಣಗಿಸು. ಒಣಗಿದಾಗ ಕೂದಲು ಗರಿಗರಿ ಅನ್ನಿಸುತ್ತದೆ. ಕೈಯಲ್ಲಿ ಮೆಲ್ಲಗೆ ಹಿಚುಕಿದರೆ ಆ ಗರಿ ಒಡೆದು ಮೆತ್ತಗಾಗುತ್ತದೆ. ಚಳಿಗಾಲದಲ್ಲಿ ಹೀಟಿಂಗ್ ಹಾಕಿದ ಮನೆಯೊಳಗಿನ ಗಾಳಿ ತುಂಬಾ ಒಣ. ಜೆಲ್‌ಗೆ ಗ್ಲಿಸರಿನ್, ಜೇನುತುಪ್ಪ ಸೇರಿಸಬೇಡ, ಅವು ಗಾಳಿಯಲ್ಲಿ ತೇವ ಇದ್ದಾಗ ಮಾತ್ರ ಉಪಯೋಗಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಬೇಕಾದರೆ ನೋಡು.

ಕೊಬ್ಬರಿ ಎಣ್ಣೆ ಬಿಡಬೇಡ. ತಲೆಸ್ನಾನಕ್ಕೆ ಮೊದಲು ಹಚ್ಚಿದರೆ ತೊಳೆಯುವಾಗ ಕೂದಲಿನ ಪ್ರೋಟೀನ್ ಕಡಿಮೆ ನಷ್ಟವಾಗುತ್ತದೆ ಅಂತ ನಮ್ಮ ದೇಶದ ಸಂಶೋಧಕರೇ 2003ರಲ್ಲಿ ತೋರಿಸಿದ್ದಾರೆ. ಖನಿಜ ತೈಲ, ಸೂರ್ಯಕಾಂತಿ ಎಣ್ಣೆ ಎರಡೂ ಅದರ ಮುಂದೆ ಸೋತವು. ಆದರೆ 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ, ಅಂದರೆ ಇಲ್ಲಿ ಹೆಚ್ಚುಕಡಿಮೆ ವರ್ಷವಿಡೀ. ಸಣ್ಣ ಬಾಯಿನ ಬಾಟಲಿ ತಂದರೆ ಬಿಸಿನೀರಲ್ಲಿ ಇಟ್ಟುಕೊಂಡು ಕಾಯಬೇಕು. ಅಗಲ ಬಾಯಿನ ಡಬ್ಬಿ ತಗೋ. ಎಣ್ಣೆಗೆ ಕರಿಬೇವು ಹಾಕಿ ಕಾಯಿಸುವುದಾದರೆ ಅಡುಗೆಮನೆ ಕಿಟಕಿ ತೆಗೆದಿಡು, ಸ್ಮೋಕ್ ಅಲಾರಂ ಹೊಡೆದರೆ ಇಡೀ ಬಿಲ್ಡಿಂಗ್ ಹೊರಗೆ ಬರುತ್ತದೆ.

ನಮ್ಮವರು ಸಾಮಾನ್ಯವಾಗಿ ಹೋಗದ ಒಂದು ಕಡೆ ನೀನು ಹೋಗು. ಆಫ್ರಿಕನ್, ಕೆರಿಬಿಯನ್ ಮಂದಿಯ ಕೂದಲ ಸಾಮಾನಿನ ಅಂಗಡಿಗಳು. ಲಂಡನ್ನಿನ ಪೆಕಮ್, ಬ್ರಿಕ್ಸ್‌ಟನ್ ಕಡೆ ಬೀದಿ ತುಂಬ ಇವೆ. ಸುರುಳಿ ಕೂದಲಿನ ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ಈ ಊರಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ರಾತ್ರಿ ತಲೆಗೆ ಹಾಕಿಕೊಳ್ಳುವ ಸ್ಯಾಟಿನ್ ಟೋಪಿ ಅಲ್ಲಿ ಅಗ್ಗ. ಕಾಟನ್ ದಿಂಬಿನ ಮೇಲೆ ಹೊರಳಾಡಿ ಬೆಳಗ್ಗೆ ಎದ್ದು ಗೊಣಗುವ ಬದಲು ಅದನ್ನು ಹಾಕಿಕೊಂಡು ಮಲಗು. ಶಿಯಾ ಬೆಣ್ಣೆ ಒಂದು ಚೂರು ತುದಿಗೆ ಹಚ್ಚಿದರೆ ಚಳಿಗಾಲ ಕಳೆಯುತ್ತದೆ. ಮೆಹಂದಿ ಮಾತ್ರ ಯೋಚಿಸಿ ಹಾಕು. ಅಪ್ಪಟ ಮೆಹಂದಿ ಸುರುಳಿಯನ್ನು ಸಡಿಲ ಮಾಡಬಹುದು. "ಕಪ್ಪು ಮೆಹಂದಿ" ಅಂತ ಮಾರುವುದರಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಬಣ್ಣ ಇರಬಹುದು, ಕೆಲವರಿಗೆ ಅದು ಕೆಟ್ಟ ಅಲರ್ಜಿ. ಗಿಡಮೂಲಿಕೆಯೇ ಆದರೂ ಹೊಸದನ್ನು ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡು.

ಕೂದಲು ಉದುರುತ್ತಿದೆಯಾ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಹೊಸದಾಗಿ ಬಂದವರೆಲ್ಲ ಆಮೇಲೆ ಅದನ್ನೇ ಕೇಳುತ್ತಾರೆ. ಊರು ಬಿಟ್ಟ ಒತ್ತಡ, ಊಟದ ವ್ಯತ್ಯಾಸ ಇವೆಲ್ಲ ಎರಡು ಮೂರು ತಿಂಗಳು ಕಳೆದು ಕೂದಲಲ್ಲಿ ಕಾಣಿಸುತ್ತವೆ. ಅದಕ್ಕೆ ಗರಗದ ಸೊಪ್ಪಿನ ಎಣ್ಣೆ ಹಚ್ಚುತ್ತಾ ಕೂರಬೇಡ. ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ಹತ್ತಿರ ಹೋಗಿ ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳು. ವಿಟಮಿನ್ ಡಿ ಬಗ್ಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರೇ ಹೇಳುವುದು, ಶರತ್ಕಾಲ, ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳುವ ಯೋಚನೆ ಮಾಡಿ, ಕಪ್ಪು, ಕಂದು ಮೈಬಣ್ಣದವರು ವರ್ಷವಿಡೀ ತಗೊಳ್ಳುವ ಯೋಚನೆ ಮಾಡಿ ಅಂತ.

ಇನ್ನು ಇಂಟರ್‌ವ್ಯೂ. ಗುಂಗುರು ಅಂದರೆ ಕೆದರಿದ ತಲೆ ಅನ್ನುವುದು ನಮ್ಮ ಮನೆಗಳಲ್ಲೇ ಕಲಿಸಿದ್ದು ಅಲ್ವಾ? ಎಣ್ಣೆ ಜಡಿದು ಬಿಗಿಯಾಗಿ ಎರಡು ಜಡೆ ಹಾಕಿದರೇ ಶಾಲೆಗೆ ಲಕ್ಷಣ. ಸ್ಟ್ರೇಟನಿಂಗ್ ಹೆಸರಿನ ಕೆಲವು ಟ್ರೀಟ್‌ಮೆಂಟ್‌ಗಳಲ್ಲಿ ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಆಮೇಲೆ ಬುಡದಲ್ಲಿ ಬೆಳೆಯುವ ಹೊಸ ಕೂದಲು ಗುಂಗುರೇ, ಕೆಳಗೆ ಮಾತ್ರ ನೆಟ್ಟಗೆ. ಅದನ್ನು ಸರಿಮಾಡಲು ಮತ್ತೆ ದುಡ್ಡು. ಇಂಟರ್‌ವ್ಯೂ ದಿನ ಬೆಳಗ್ಗೆ ತಲೆಸ್ನಾನ ಬೇಡ. ಹಿಂದಿನ ದಿನ ಸಂಜೆ ತೊಳೆದು, ಜೆಲ್ ಹಾಕಿ ಪೂರ್ತಿ ಒಣಗಿಸಿ, ನೆತ್ತಿಯ ಮೇಲೆ ಸಡಿಲವಾಗಿ ಎತ್ತಿ ಕಟ್ಟಿ ಮಲಗು. ಬೆಳಗ್ಗೆ ಬಿಚ್ಚಿ, ಬೆರಳಲ್ಲಿ ಬೈತಲೆ ತೆಗೆದು, ಕೋಟಿನ ಹುಡ್ ತಲೆ ಮೇಲೆ ಎಳೆದುಕೊಳ್ಳದೆ ಛತ್ರಿ ಹಿಡಿದುಕೊಂಡು ಹೋಗು.