ಪೆನ್ನು ಕಾಗದ ಸಾಕಾಗುವ ಕೆಲಸಕ್ಕೆ ಪ್ರಯಾಣವೇಕೆ?

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿರುವ ನಿಮ್ಮ ಮಗಳು ಮುಂದೆ ಗಣಿತದಲ್ಲೇ ಸಂಶೋಧನೆ ಮಾಡುತ್ತೇನೆನ್ನುತ್ತಿದ್ದಾಳೆಂದೂ, ಗಣಿತದ ಪ್ರಾಧ್ಯಾಪಕರ ದಿನ ಹೇಗೆ ಕಳೆಯುತ್ತದೆ, ಪ್ರಯೋಗಾಲಯವೇ ಬೇಡದ ವಿಷಯಕ್ಕಾಗಿ ಅವರು ದೇಶ ವಿದೇಶ ತಿರುಗುವುದೇಕೆಂದು ತಿಳಿಯಬೇಕೆಂದೂ ಬರೆದಿದ್ದೀರಿ. ನಾನು ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಸಂಖ್ಯಾಸಿದ್ಧಾಂತ ಕಲಿಸುತ್ತಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು, ಎರಡನೆಯದಕ್ಕೆ ಸ್ವಲ್ಪ ವ್ಯವಧಾನ ಬೇಕು.

ಬೆಳಿಗ್ಗೆ ಐದರಿಂದ ಏಳರವರೆಗಿನ ಎರಡು ಗಂಟೆ ಮಾತ್ರ ನನ್ನದು. ಆಗ ಎದುರಿಗಿರುವುದು ಕಾಫಿ ಲೋಟ, ನೋಟ್‌ಬುಕ್ಕು ಮತ್ತು ಹಿಂದಿನ ದಿನ ಅರ್ಧಕ್ಕೆ ನಿಂತ ಲೆಕ್ಕ. ಹೆಚ್ಚಿನ ದಿನಗಳಲ್ಲಿ ಆ ಲೆಕ್ಕ ನಿಂತಲ್ಲಿಂದ ಕದಲುವುದಿಲ್ಲ. ಹತ್ತರ ನಂತರ ಎಂ.ಎಸ್ಸಿ. ತರಗತಿಗಳು, ಆಂತರಿಕ ಅಂಕಗಳ ಪಟ್ಟಿ, ಪಠ್ಯಕ್ರಮದ ಸಭೆ, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸಬೇಕಾದ ಕಡತಗಳು. ಮಧ್ಯಾಹ್ನದ ಮೇಲೆ ಪಿಎಚ್.ಡಿ. ವಿದ್ಯಾರ್ಥಿಗಳೊಡನೆ ಕಪ್ಪುಹಲಗೆಯ ಮುಂದೆ ಒಂದೆರಡು ಗಂಟೆ ಕಳೆಯುತ್ತೇನೆ. ರಾತ್ರಿ ಯಾವುದೋ ಪತ್ರಿಕೆ ಅಭಿಪ್ರಾಯ ಕೇಳಿ ಕಳುಹಿಸಿದ ನಲವತ್ತು ಪುಟಗಳ ಪ್ರಬಂಧವನ್ನು ಸಾಲು ಸಾಲಾಗಿ ಪರಿಶೀಲಿಸಬೇಕು. ಈ ಕೆಲಸಕ್ಕೆ ಸಂಭಾವನೆಯೂ ಇಲ್ಲ, ಮಾಡಿದವರ ಹೆಸರು ಹೊರಗೆ ಬರುವುದೂ ಇಲ್ಲ.

ಪ್ರಯಾಣವೆಂದೊಡನೆ ವಿಮಾನವನ್ನು ಕಲ್ಪಿಸಿಕೊಳ್ಳಬೇಡಿ. ನನ್ನ ಪ್ರಯಾಣಗಳಲ್ಲಿ ಬಹುಪಾಲು ರಾತ್ರಿ ಬಸ್ಸಿನವು: ಕಲಬುರಗಿಯಲ್ಲಿ ಒಂದು ಪಿಎಚ್.ಡಿ. ಮೌಖಿಕ ಪರೀಕ್ಷೆ, ಧಾರವಾಡದಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ, ಶಿವಮೊಗ್ಗದಲ್ಲಿ ಕಾಲೇಜು ಅಧ್ಯಾಪಕರಿಗೆ ಉಪನ್ಯಾಸ. ಭತ್ಯೆಯ ಬಿಲ್ಲಿಗೆ ಟಿಕೆಟ್ಟಿನ ಮೂಲಪ್ರತಿಯೇ ಆಗಬೇಕು. ಒಮ್ಮೆ ಅದು ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲೇ ಉಳಿದು ಮುದ್ದೆಯಾದುದರಿಂದ ಆ ಸಲದ ಭತ್ಯೆಯ ಆಸೆಯನ್ನು ಬಿಟ್ಟೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಅದಕ್ಕೆ ನನ್ನ ಕ್ಷೇತ್ರದ್ದೇ ಒಂದು ಪ್ರಸಂಗ ಹೇಳುತ್ತೇನೆ. 4ನ್ನು ಧನ ಪೂರ್ಣಾಂಕಗಳ ಮೊತ್ತವಾಗಿ ಐದು ಬಗೆಯಲ್ಲಿ ವಿಭಜಿಸಬಹುದು: 4, 3+1, 2+2, 2+1+1, 1+1+1+1. ಹಾಗೆಯೇ 9ಕ್ಕೆ 30 ವಿಭಜನೆಗಳಿವೆ, 14ಕ್ಕೆ 135. 4 ಅಥವಾ 9ರಿಂದ ಕೊನೆಯಾಗುವ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಅದರ ವಿಭಜನೆಗಳ ಎಣಿಕೆ 5ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ರಾಮಾನುಜನ್ ತೋರಿಸಿದರು. 7 ಮತ್ತು 11ಕ್ಕೂ ಇಂಥದೇ ನಿಯಮಗಳನ್ನು ಕೊಟ್ಟರು. ಆದರೆ ಆ ವಿಭಜನೆಗಳನ್ನು ಐದು ಸಮಪಾಲಾಗಿ ಹಂಚಿ ಕಣ್ಣೆದುರಿಗಿಡುವುದು ಹೇಗೆ? 1944ರಲ್ಲಿ ಫ್ರೀಮನ್ ಡೈಸನ್ ಎಂಬ ತರುಣ ಗಣಿತಜ್ಞ ಒಂದು ಉಪಾಯ ಸೂಚಿಸಿದರು. ಪ್ರತಿ ವಿಭಜನೆಯ ಅತಿ ದೊಡ್ಡ ಭಾಗದಿಂದ ಭಾಗಗಳ ಎಣಿಕೆಯನ್ನು ಕಳೆದು, ಬಂದದ್ದನ್ನು 5ರಿಂದ ಭಾಗಿಸಿದಾಗ ಉಳಿಯುವ ಶೇಷದ ಪ್ರಕಾರ ವಿಂಗಡಿಸುವುದು. 4ರ ವಿಭಜನೆಗಳಿಗೆ ಕ್ರಮವಾಗಿ 3, 1, 0, -1, -3 ಬರುತ್ತವೆ. ಶೇಷಗಳು 3, 1, 0, 4, 2. ಐದೂ ಬೇರೆ ಬೇರೆ! ಈ ಉಪಾಯ 5 ಮತ್ತು 7ಕ್ಕೆ ಸದಾ ಸಲ್ಲುತ್ತದೆಂದು 1954ರಲ್ಲಿ ಸಾಧಿತವಾಯಿತು, 11ಕ್ಕೆ ಮಾತ್ರ ಅದು ಸಲ್ಲದು. ಅಲ್ಲಿಗೆ ಒಪ್ಪುವ ಬೇರೊಂದು ಅಳತೆ ಇರಲೇಬೇಕೆಂದು 1944ರಲ್ಲೇ ಊಹಿಸಿದ್ದ ಡೈಸನ್, ವಸ್ತು ಕೈಗೆ ಸಿಗುವ ಮೊದಲೇ ಅದಕ್ಕೆ ‘ಕ್ರ್ಯಾಂಕ್’ ಎಂದು ನಾಮಕರಣವನ್ನೂ ಮಾಡಿಬಿಟ್ಟಿದ್ದರು.

1987ರ ಜೂನ್ ಮೊದಲ ವಾರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಮಾನುಜನ್ ಜನ್ಮಶತಾಬ್ದಿಯ ಸಮ್ಮೇಳನ ನಡೆಯಿತು. ಡೈಸನ್ ಸ್ವತಃ ಅಲ್ಲಿ ಮಾತನಾಡಿದರು. ಸಮ್ಮೇಳನ ಮುಗಿದ ಮರುದಿನ, ಜೂನ್ 6ರ ಮಧ್ಯಾಹ್ನ, ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಗಣಿತಜ್ಞರಾದ ಜಾರ್ಜ್ ಆಂಡ್ರೂಸ್ ಮತ್ತು ಫ್ರಾಂಕ್ ಗಾರ್ವನ್ ಆ ಕ್ರ್ಯಾಂಕನ್ನು ಕಂಡುಹಿಡಿದರು. ಗಾರ್ವನ್ ಆಂಡ್ರೂಸ್ ಅವರ ವಿದ್ಯಾರ್ಥಿಯೇ ಆಗಿದ್ದರು, ತಮ್ಮ ಪಿಎಚ್.ಡಿ. ಪ್ರಬಂಧದಲ್ಲೇ ಅದರ ಹತ್ತಿರಕ್ಕೆ ಬಂದಿದ್ದರು, ಅಂಚೆಯೂ ದೂರವಾಣಿಯೂ ಇದ್ದ ಕಾಲ ಅದು. ಆದರೂ 43 ವರ್ಷ ಕಾದಿದ್ದ ಆ ವಸ್ತು ಸಿಕ್ಕಿದ್ದು, ಒಂದು ವಾರ ಅದೇ ಮಾತನ್ನು ಕೇಳಿ, ಆಡಿ, ಊರಿಗೆ ಹೊರಡುವ ಮುನ್ನ ಇಬ್ಬರೂ ಒಟ್ಟಿಗೆ ಕುಳಿತಾಗ.

ನನ್ನಂಥ ಸಾಮಾನ್ಯರಿಗೂ ಇದು ಸಣ್ಣ ಪ್ರಮಾಣದಲ್ಲಿ ಆಗುತ್ತದೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಓಬರ್‌ವೋಲ್ಫಾಖ್ ಎಂಬ ಹಳ್ಳಿಯಲ್ಲಿ, ಡೈಸನ್ ತಮ್ಮ ಊಹೆಯನ್ನು ಪ್ರಕಟಿಸಿದ ಅದೇ 1944ರಲ್ಲಿ, ಯುದ್ಧದ ನಡುವೆ ಆರಂಭವಾದ ಗಣಿತ ಸಂಸ್ಥೆಯೊಂದಿದೆ. ಅಲ್ಲಿ ವಾರಕ್ಕೊಂದು ವಿಷಯದ ಕಾರ್ಯಾಗಾರ. ಊಟ ವಸತಿ ಅವರದೇ. ಊಟದ ಮೇಜುಗಳ ಮೇಲೆ ಪ್ರತಿಯೊಬ್ಬರ ಹೆಸರಿನ ಕರವಸ್ತ್ರವನ್ನು ಪ್ರತಿ ಸಲವೂ ಸ್ಥಳ ಬದಲಿಸಿ ಇಟ್ಟಿರುತ್ತಾರೆ, ಪರಿಚಿತರೇ ಗುಂಪುಗೂಡದಿರಲೆಂದು. ಹನ್ನೊಂದು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ಒಂದು ರಾತ್ರಿ ನನ್ನ ಕರವಸ್ತ್ರ ಹಿರಿಯ ಗಣಿತಜ್ಞೆಯೊಬ್ಬರ ಪಕ್ಕಕ್ಕೆ ಬಿದ್ದಿತ್ತು. ನನ್ನ ವಿದ್ಯಾರ್ಥಿನಿ ಒಂದೂವರೆ ವರ್ಷದಿಂದ ಹಿಡಿದು ಕುಳಿತಿದ್ದ ದಾರಿಯನ್ನು ವಿವರಿಸಿದೆ. ಅವರು ಸೂಪಿನ ಚಮಚ ಕೆಳಗಿಟ್ಟು, ತಾವೂ ಹಿಂದೆ ಆ ದಾರಿ ಹಿಡಿದು ಹೋಗಿ ಎಲ್ಲಿ ಸಿಕ್ಕಿಕೊಂಡೆವೆಂಬುದನ್ನು ಮೂರು ಸಾಲಿನಲ್ಲಿ ಬರೆದು ತೋರಿಸಿದರು. ಆ ಮೂರು ಸಾಲು ಯಾವ ಪತ್ರಿಕೆಯಲ್ಲೂ ಅಚ್ಚಾಗಿರಲಿಲ್ಲ, ಆಗುವಂಥದೂ ಅಲ್ಲ. ಗಣಿತದಲ್ಲಿ ಗೆದ್ದ ದಾರಿಗಳಷ್ಟೇ ಅಚ್ಚಾಗುತ್ತವೆ, ಸೋತ ದಾರಿಗಳು ಸೋತವರ ತಲೆಯಲ್ಲೇ ಉಳಿಯುತ್ತವೆ. ಅದೇ ರಾತ್ರಿ ವಿದ್ಯಾರ್ಥಿನಿಗೆ ಇಮೇಲ್ ಬರೆದೆ. ಅವಳು ಎರಡು ದಿನ ಅತ್ತಳಂತೆ, ಆಮೇಲೆ ಸಮಸ್ಯೆ ಬದಲಿಸಿ ಮೂರು ವರ್ಷದಲ್ಲಿ ಪಿಎಚ್.ಡಿ. ಮುಗಿಸಿದಳು.

ಎಲ್ಲ ಸಮ್ಮೇಳನಗಳೂ ಹೀಗಿರುವುದಿಲ್ಲ. ದೀಪ ಬೆಳಗಿ, ಶಾಲು ಹೊದಿಸಿ, ಹತ್ತು ಹತ್ತು ನಿಮಿಷಕ್ಕೆ ಒಬ್ಬರಂತೆ ಓದಿಸಿ, ಪ್ರಮಾಣಪತ್ರ ಹಂಚಿ ಕಳುಹಿಸುವ ಸಮ್ಮೇಳನಗಳಿಗೆ ನಾನೂ ಸಾಕಷ್ಟು ಹೋಗಿದ್ದೇನೆ, ಬಡ್ತಿಯ ಅರ್ಜಿ ತುಂಬುವುದಕ್ಕಲ್ಲದೆ ಅವು ಇನ್ನಾವುದಕ್ಕೂ ಒದಗಲಿಲ್ಲ. ವಿದೇಶಕ್ಕೆ ಹೋಗುವ ಖರ್ಚಿನ ಒಂದಂಶವನ್ನು ಪರಮಾಣು ಶಕ್ತಿ ಇಲಾಖೆಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಕೊಡುವುದುಂಟು, ಉಳಿದದ್ದು ಕೈಯಿಂದ. ಮನೆಯವರು ತೆರುವ ಬೆಲೆ ಬೇರೆ. ಮಗನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ವಾರ ನಾನು ಊರಲ್ಲಿರಲಿಲ್ಲವೆಂಬುದನ್ನು ನನ್ನ ಹೆಂಡತಿ ಇಂದಿಗೂ ಮರೆತಿಲ್ಲ.

ನಿಮ್ಮ ಮಗಳು ಇಷ್ಟರಿಂದ ಹಿಂಜರಿಯದಿದ್ದರೆ, 1993ರಿಂದ ನಡೆದುಬಂದಿರುವ ಎಂ.ಟಿ.ಟಿ.ಎಸ್. ಎಂಬ ಗಣಿತದ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಲು ಹೇಳಿ. ಸುಮಾರು ನಾಲ್ಕು ವಾರ ಬೇರೆ ಬೇರೆ ರಾಜ್ಯಗಳ ವಿದ್ಯಾರ್ಥಿಗಳ ಜೊತೆಗಿದ್ದು, ಹೇಳಿಕೊಟ್ಟದ್ದನ್ನು ಬರೆದುಕೊಳ್ಳುವುದಕ್ಕಿಂತ ಪ್ರಶ್ನೆ ಕೇಳಿ ಕೇಳಿ ತಾವೇ ಕಂಡುಕೊಳ್ಳುವಂತೆ ಅಲ್ಲಿ ಪಾಠ ನಡೆಯುತ್ತದೆ. ನನ್ನ ಆ ವಿದ್ಯಾರ್ಥಿನಿ ಮೊದಲ ಬಾರಿ ಒಬ್ಬಳೇ ರೈಲು ಹತ್ತಿದ್ದೂ ಅದೇ ಶಿಬಿರಕ್ಕಾಗಿ.