ಒಂದೇ ಪೆನ್‌ಡ್ರೈವ್, ಮೂರು ಥರದ ಕಂಪ್ಯೂಟರ್

ಪ್ರಶ್ನೆ: ಸರ್, ನಾನು ಶಿವಮೊಗ್ಗ ಕಡೆ ಒಂದು ಕಾಲೇಜಲ್ಲಿ ಕನ್ನಡ ಪಾಠ ಮಾಡ್ತೀನಿ. ಸ್ಟಾಫ್ ರೂಮಲ್ಲಿರೋದು ವಿಂಡೋಸ್ ಕಂಪ್ಯೂಟರ್, ಏನು ಇನ್‌ಸ್ಟಾಲ್ ಮಾಡೋಕೆ ಹೋದ್ರೂ ಅಡ್ಮಿನ್ ಪಾಸ್‌ವರ್ಡ್ ಕೇಳತ್ತೆ. ಮನೇಲಿರೋ ಹಳೇ ಲ್ಯಾಪ್‌ಟಾಪಿಗೆ ತಮ್ಮ ವಿಂಡೋಸ್ ಬದಲು ಉಬುಂಟು ಅನ್ನೋ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಮಗಳ ಹತ್ರ ಮ್ಯಾಕ್‌ಬುಕ್. ಲಿಬ್ರೆಆಫೀಸ್ ಅಂತ ಎಂಎಸ್ ಆಫೀಸ್ ಥರದ್ದೇ ಪುಕ್ಕಟೆ ತಂತ್ರಾಂಶ ಇದ್ಯಲ್ಲ, ಅದರ ಪೋರ್ಟಬಲ್ ಆವೃತ್ತಿ ಪೆನ್‌ಡ್ರೈವಿಗೆ ಹಾಕ್ಕೊಂಡ್ರೆ ಎಲ್ಲಿ ಬೇಕಾದ್ರೂ ಓಡತ್ತೆ ಅಂದ್ರು, ಹಾಕ್ಕೊಂಡೆ. ಕಾಲೇಜಲ್ಲಿ ಚೆನ್ನಾಗೇ ಓಡತ್ತೆ, ಮನೇಲಿ ಕ್ಲಿಕ್ ಮಾಡಿದ್ರೆ ಏನೂ ಆಗಲ್ಲ. ಪೆನ್‌ಡ್ರೈವ್ ಕೆಟ್ಟಿದ್ಯಾ? ಇನ್ನೊಂದು, ಕಾಲೇಜಲ್ಲಿ 12 ಪುಟ ಇದ್ದ ನೋಟ್ಸು ಮಗಳ ಮ್ಯಾಕಲ್ಲಿ 14 ಪುಟ ಆಗಿತ್ತು, ಅದ್ಯಾಕೆ?
— ಹೆಸರು ಬೇಡ ಅಂದ ಓದುಗರು

ಉತ್ತರ: ಪೆನ್‌ಡ್ರೈವ್ ಚೆನ್ನಾಗೇ ಇದೆ ಮೇಡಂ, ಎಡವಟ್ಟಾಗಿರೋದು ಆ 'ಪೋರ್ಟಬಲ್' ಅನ್ನೋ ಪದದಿಂದ. ಅದನ್ನ ಕೇಳಿದವರೆಲ್ಲ ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ಓಡತ್ತೆ ಅಂದ್ಕೊಳ್ತಾರೆ, ಆದ್ರೆ ಅದರರ್ಥ ಇನ್‌ಸ್ಟಾಲ್ ಮಾಡೋದು ಬೇಡ, ಸೆಟ್ಟಿಂಗ್ಸೂ ಪೆನ್‌ಡ್ರೈವಲ್ಲೇ ಉಳಿಯತ್ತೆ ಅಂತ ಅಷ್ಟೇ. ಪೋರ್ಟಬಲ್‌ಆಪ್ಸ್ ಅನ್ನೋ ಜಾಲತಾಣದವರು ಕೊಡೋ ಲಿಬ್ರೆಆಫೀಸ್ ಒಳಗಿರೋದು ವಿಂಡೋಸಿನ ಡಾಟ್ ಇಎಕ್ಸ್‌ಇ ಫೈಲು, ಅದು ಉಬುಂಟುಗೂ ಅರ್ಥ ಆಗಲ್ಲ ಮ್ಯಾಕಿಗೂ ಅರ್ಥ ಆಗಲ್ಲ. ವಿಂಡೋಸಿನ ಪ್ರೋಗ್ರಾಮನ್ನ ಬೇರೆ ಕಡೆ ಓಡಿಸೋಕೆ ವೈನ್ ಅಂತ ಒಂದು ತಂತ್ರಾಂಶ ಇದೆ, ಅದರಲ್ಲಿ ಒದ್ದಾಡಿ ಓಡಿಸಬಹುದು, ಆದ್ರೆ ನಿಮಗೆ ಯಾಕೆ ಆ ತಾಪತ್ರಯ.

ಯಾಕಂದ್ರೆ ಉಬುಂಟುವಿನ ಎಷ್ಟೋ ಆವೃತ್ತಿಗಳಲ್ಲಿ ಲಿಬ್ರೆಆಫೀಸ್ ಮೊದಲಿಂದನೇ ಇರತ್ತೆ! ಮೆನುವಲ್ಲಿ ರೈಟರ್ ಅಂತ ಹುಡುಕಿ ನೋಡಿ, ಲಿಬ್ರೆಆಫೀಸಲ್ಲಿ ಟೈಪ್ ಮಾಡೋ ಪ್ರೋಗ್ರಾಮಿನ ಹೆಸರು ಅದು. ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ ಹಾಗೆ ಆಗಿರಬಹುದು ನಿಮ್ಮ ಕಥೆ. ಇತ್ತೀಚಿನ ಉಬುಂಟುವಲ್ಲಿ ಕೇಳದೇ ಇದ್ರೆ ಹಾಕಿರಲ್ಲ, ಆಗ ತಮ್ಮನಿಗೆ ಹೇಳಿ, ಉಬುಂಟುವಿನ ಆಪ್ ಸೆಂಟರಿಂದ ಐದು ನಿಮಿಷದ ಕೆಲಸ. ಇಲ್ಲ, ನಂಗೆ ಲಿನಕ್ಸಿಗೂ ಹೊತ್ಕೊಂಡು ಹೋಗೋಥರದ್ದೇ ಬೇಕು ಅಂದ್ರೆ ಆಪ್‌ಇಮೇಜ್ ಅಂತ ಒಂದೇ ಫೈಲಲ್ಲಿ ಇಡೀ ಲಿಬ್ರೆಆಫೀಸ್ ಸಿಗತ್ತೆ. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಫಾರ್ಮ್ಯಾಟಲ್ಲಿದ್ರೆ ಅದನ್ನ ಅಲ್ಲಿಂದಲೇ ಓಡಿಸೋಕೆ ಉಬುಂಟು ಸಾಮಾನ್ಯವಾಗಿ ಬಿಡಲ್ಲ, ಹೋಮ್ ಫೋಲ್ಡರಿಗೆ ಕಾಪಿ ಮಾಡಿ, ರೈಟ್ ಕ್ಲಿಕ್, ಪ್ರಾಪರ್ಟೀಸ್‌ಗೆ ಹೋಗಿ ಪ್ರೋಗ್ರಾಮ್ ಆಗಿ ಓಡಿಸೋ ಅನುಮತಿ ಕೊಡಿ. 22.04 ಮತ್ತು ಆಮೇಲಿನ ಉಬುಂಟುವಲ್ಲಿ ಅಷ್ಟಾದ್ರೂ ಜಪ್ಪಯ್ಯ ಅನ್ನಲಿಲ್ಲ ಅಂದ್ರೆ ಆಪ್‌ಇಮೇಜಿಗೆ ಬೇಕಾದ ಲಿಬ್‌ಫ್ಯೂಸ್2 ಅನ್ನೋ ಸಹಾಯಕ ತಂತ್ರಾಂಶ ಇರಲ್ಲ, ಅದನ್ನ ಹಾಕಿಸಬೇಕು.

ಮಗಳ ಮ್ಯಾಕಿಗೆ ಲಿಬ್ರೆಆಫೀಸಿನ ಡಿಎಂಜಿ (ಮ್ಯಾಕಿಗೆ ಪ್ರೋಗ್ರಾಮ್ ಹಾಕೋ) ಫೈಲ್ ಇಳಿಸಿ ಅಪ್ಲಿಕೇಶನ್ಸ್ ಫೋಲ್ಡರಿಗೆ ಎಳೆದು ಹಾಕಿದ್ರೆ ಆಯ್ತು. ಎಂ1 ಥರದ ಚಿಪ್ಪಿಗೆ ಬೇರೆ ಡೌನ್‌ಲೋಡ್, ಇಂಟೆಲ್ಲಿಗೆ ಬೇರೆ, ಅದನ್ನ ನೋಡ್ಕೊಂಡು ಇಳಿಸಿ. ಪೆನ್‌ಡ್ರೈವ್ ಎನ್‌ಟಿಎಫ್‌ಎಸ್ ಆಗಿದ್ರೆ ಮ್ಯಾಕು ಬರೀ ಓದತ್ತೆ, ಬರೆಯಲ್ಲ, ಅದಕ್ಕೆ ಎಕ್ಸ್‌ಫ್ಯಾಟ್ ಮಾಡಿಟ್ಕೊಂಡ್ರೆ ಮೂರೂ ಕಡೆ ನಡೆಯತ್ತೆ. ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲ ಹೋಗತ್ತೆ, ಮೊದಲು ಬೇರೆ ಕಡೆ ಕಾಪಿ ಮಾಡ್ಕೊಳ್ಳಿ.

ಈಗ 12 ಪುಟ 14 ಆದ ವಿಷ್ಯ, ನಂಗೆ ಇದೇ ಮುಖ್ಯ ಅನ್ಸತ್ತೆ. ಇದಕ್ಕೆ ಕಾರಣ ಬಹುತೇಕ ಫಾಂಟು. ನೀವು ಕಾಲೇಜಲ್ಲಿ ಟೈಪ್ ಮಾಡಿದ್ದು ವಿಂಡೋಸಿನ ನಿರ್ಮಲಾ ಯುಐನಲ್ಲೋ ತುಂಗಾದಲ್ಲೋ ಇರತ್ತೆ, ಮ್ಯಾಕಲ್ಲಿ ಅದಿಲ್ಲ ಅಂದ್ರೆ ಅದು ತನ್ನ ಕನ್ನಡ ಸಂಗಮ್ ಎಂಎನ್ ಥರದ್ದನ್ನ ತಂದು ಕೂರಿಸತ್ತೆ, ಉಬುಂಟುವಲ್ಲಿ ಲೋಹಿತ್ ಅಥವಾ ಗುಬ್ಬಿ ಬಂದು ಕೂರತ್ತೆ. ಒಂದರ ಅಕ್ಷರ ಅಗಲ, ಇನ್ನೊಂದರದ್ದು ಕಿರಿದು, ನಮ್ಮ ಕನ್ನಡಕ್ಕೆ ಒತ್ತಕ್ಷರ ಬೇರೆ ಕೆಳಗೆ ಇಳಿಯತ್ತಲ್ಲ, ಸಾಲಿನ ಎತ್ತರಾನೂ ಬದಲಾಗತ್ತೆ, ಹೀಗೆ ಸಾಲಿಗೆ ಒಂಚೂರು ಒಂಚೂರು ಬೆಳೆದು ಕೊನೆಗೆ ಎರಡು ಪುಟ ಜಾಸ್ತಿ. ಮೂರೂ ಕಂಪ್ಯೂಟರಿಗೆ ಒಂದೇ ಫಾಂಟ್ ಹಾಕ್ಕೊಳ್ಳಿ, ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗತ್ತೆ. ಕಾಲೇಜಲ್ಲಿ ಫಾಂಟ್ ಹಾಕೋಕೂ ಬಿಡಲ್ಲ ಅಂದ್ರೆ, ಆ ಫಾಂಟ್ ಇರೋ ಮನೆ ಕಂಪ್ಯೂಟರಲ್ಲಿ ಫೈಲ್ ತೆಗೆದು, ಫೈಲ್ ಮೆನು, ಪ್ರಾಪರ್ಟೀಸ್, ಫಾಂಟ್ ಅನ್ನೋ ಟ್ಯಾಬಲ್ಲಿ ಫಾಂಟನ್ನ ಡಾಕ್ಯುಮೆಂಟ್ ಒಳಗೇ ಸೇರಿಸೋ ಟಿಕ್ ಇದೆ, ಅದನ್ನ ಹಾಕಿ ಸೇವ್ ಮಾಡಿ. ಫೈಲ್ ದಪ್ಪ ಆಗತ್ತೆ, ಆದ್ರೆ ಫಾಂಟ್ ಜೊತೆಗೇ ಹೋಗತ್ತೆ.

ಹಳೇ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ನೋಟ್ಸ್ ಇದ್ರೆ ಅದು ಬೇರೆ ರೋಗ. ಅಲ್ಲಿ ಫೈಲಿನೊಳಗೆ ಇರೋದು ಕನ್ನಡನೇ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗಕ್ಕೆ ಕನ್ನಡದ ಚಿತ್ರ ಕೂರಿಸಿರೋದು, ಫಾಂಟ್ ಇಲ್ಲದ ಕಡೆ ತೆಗೆದ್ರೆ ಚಿತ್ರವಿಚಿತ್ರ ಗೀಟು ಕಾಣತ್ತೆ. ಅದನ್ನ ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಯುನಿಕೋಡಿಗೆ ಕನ್ವರ್ಟ್ ಮಾಡದೆ ಬೇರೆ ದಾರಿ ಇಲ್ಲ. ಮಾಡಿದ ಮೇಲೂ ಒಂದ್ಸಲ ಕಣ್ಣಾಡಿಸಿ, ಅರ್ಕಾವತ್ತು ಕೈ ಕೊಡೋದು ಉಂಟು.

ಫೈಲನ್ನ ಲಿಬ್ರೆಆಫೀಸಿನ ಸ್ವಂತ ಫಾರ್ಮ್ಯಾಟಾದ ಒಡಿಟಿಯಲ್ಲೇ ಸೇವ್ ಮಾಡಿ ಅನ್ನೋದು ನನ್ನ ಅಭಿಪ್ರಾಯ. ಅದು 2006ರಲ್ಲೇ ಐಎಸ್‌ಒ ಮಾನದಂಡ ಆಗಿದೆ, ಈಗಿನ ಮೈಕ್ರೋಸಾಫ್ಟ್ ವರ್ಡಲ್ಲೂ ತೆರೆಯತ್ತೆ. ಪ್ರಿನ್ಸಿಪಾಲರಿಗೋ ಜೆರಾಕ್ಸ್ ಅಂಗಡಿಗೋ ಕೊಡೋದಾದ್ರೆ ಮಾತ್ರ ಪಿಡಿಎಫ್. ನಾನೊಮ್ಮೆ ಅಂಗಡಿಗೆ ಮೂಲ ಫೈಲಿದ್ದ ಪೆನ್‌ಡ್ರೈವನ್ನೇ ಕೊಟ್ಟು, ವಾಪಸ್ ತಂದು ನೋಡಿದ್ರೆ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿ ಕೂತಿತ್ತು, ವೈರಸ್ಸು! ಆಮೇಲಿಂದ ಅಂಗಡಿಗೇ ಅಂತ ಒಂದು ಬೇರೆ ಪೆನ್‌ಡ್ರೈವ್ ಇಟ್ಟಿದ್ದೀನಿ.

ಕಾಲೇಜಲ್ಲಿ ಪೆನ್‌ಡ್ರೈವಿಂದ ಪ್ರೋಗ್ರಾಮ್ ಓಡಿಸೋಕೆ ಅಡ್ಡಿ ಇಲ್ವಾ ಅಂತ ಲ್ಯಾಬಿನವರನ್ನ ಒಂದ್ ಮಾತು ಕೇಳಿಟ್ಟಿರಿ.

ಪ್ರಶ್ನೆ: ಪೆನ್‌ಡ್ರೈವಲ್ಲಿರೋ ಫೈಲ್ ತೆಗೆದ್ರೆ 'ಲಾಕ್ ಆಗಿದೆ, ಬೇರೆಯವರು ಬಳಸ್ತಿದ್ದಾರೆ' ಅನ್ನತ್ತೆ. ನಂಗೆ ಬಿಟ್ರೆ ಬೇರೆ ಯಾರಿಗೂ ಅದು ಗೊತ್ತೇ ಇಲ್ಲ!
— ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ಆ 'ಬೇರೆಯವರು' ನೀವೇ ಕಣಪ್ಪಾ. ರೈಟರ್ ಮುಚ್ಚದೆ ಪೆನ್‌ಡ್ರೈವ್ ಕಿತ್ಕೊಂಡಿರ್ತೀರಿ, ಆಗ ಲಿಬ್ರೆಆಫೀಸ್ ಇಟ್ಟಿದ್ದ ಬೀಗದ ಫೈಲು ಅಲ್ಲೇ ಉಳಿದಿರತ್ತೆ. ಉಬುಂಟುವಲ್ಲಿ ಆ ಫೋಲ್ಡರ್ ತೆಗೆದು ಕಂಟ್ರೋಲ್ ಎಚ್ ಒತ್ತಿದ್ರೆ ಚುಕ್ಕೆಯಿಂದ ಶುರುವಾಗಿ 'ಲಾಕ್' ಅಂತ ಇರೋ ಫೈಲ್ ಕಾಣತ್ತೆ, ನಿಮ್ಮ ಡಾಕ್ಯುಮೆಂಟ್ ಎಲ್ಲೂ ತೆರೆದಿಲ್ಲ ಅಂತ ಖಾತ್ರಿ ಮಾಡ್ಕೊಂಡು ಅದನ್ನ ಡಿಲೀಟ್ ಮಾಡಿ. ಮುಂದಿನ ಸಲ ಇಜೆಕ್ಟ್ ಕೊಟ್ಟೇ ಕೀಳಿ.