ಓದುಗರ ಪ್ರಶ್ನೆ: ಹಾಡಿನ ಧ್ವನಿಮುದ್ರಣಕ್ಕೆ ಹಣ ಕೊಡುವವರು ಯಾರು?

ಸಂಗೀತ ಕಲಿಯುತ್ತಿರುವವರು, ಈಚೆಗಷ್ಟೇ ವೇದಿಕೆ ಏರಿದವರು, ಸ್ವಂತ ಹಾಡುಗಳನ್ನು ಮುದ್ರಿಸಿ ಬಿಡುಗಡೆ ಮಾಡಬೇಕೆಂದಿರುವವರು ಬರೆದ ಪತ್ರಗಳು ಸಾಕಷ್ಟು ಸೇರಿವೆ. ಎಲ್ಲದರಲ್ಲೂ ಹಣದ ಪ್ರಶ್ನೆಯೇ ಮುಖ್ಯವಾಗಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನನಗೆ 23 ವರ್ಷ. ಏಳು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಇನ್ನೆರಡು ವರ್ಷ ಪೂರ್ತಿಯಾಗಿ ರಿಯಾಜಿಗೆ ಕೂರುವ ಆಸೆ. ತಂದೆಯವರು ಕೆಲಸಕ್ಕೆ ಸೇರು ಎನ್ನುತ್ತಾರೆ. ಸರ್ಕಾರದ ನೆರವು ಇದೆಯೇ? ಆ ಹಣದಲ್ಲಿ ಒಂದು ಆಲ್ಬಂ ಮಾಡಬಹುದೇ? — ಧಾರವಾಡ

ನೆರವು ಇದೆ, ಆದರೆ ಅದು ಕಲಿಕೆಗೆ, ಆಲ್ಬಂಗೆ ಅಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದೊಳಗಿನ ಯುವ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನಕ್ಕೆ ನೀವು ಅರ್ಜಿ ಹಾಕಬಹುದು. ಗುರುಗಳ ಬಳಿಯಾಗಲಿ ಸಂಸ್ಥೆಯಲ್ಲಾಗಲಿ ಕನಿಷ್ಠ ಐದು ವರ್ಷ ಕಲಿತಿರಬೇಕೆಂಬುದು ಅದರ ನಿಬಂಧನೆ. ಆಯ್ಕೆಯಾದವರಿಗೆ ತಿಂಗಳಿಗೆ 5,000 ರೂಪಾಯಿಯ ಲೆಕ್ಕದಲ್ಲಿ ಎರಡು ವರ್ಷ ಹಣ ಸಿಗುತ್ತದೆ. ಅದು ಕೈಗೆ ಬರುವುದು ಆರಾರು ತಿಂಗಳ ಕಂತುಗಳಲ್ಲಿ. ದೇಶಕ್ಕೆಲ್ಲ ಒಂದು ವರ್ಷಕ್ಕೆ ಇರುವುದು 400 ವಿದ್ಯಾರ್ಥಿವೇತನಗಳು, ಅದರಲ್ಲಿ ನೃತ್ಯ, ರಂಗಭೂಮಿ, ಚಿತ್ರಕಲೆ, ಜಾನಪದಗಳೂ ಪಾಲುದಾರರು ಎಂಬುದನ್ನು ನೆನಪಿಡಿ. ಅರ್ಜಿಯನ್ನು ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ, ತನ್ನ ಜಾಲತಾಣದಲ್ಲಿ ಕರೆಯುತ್ತದೆ. ವಯಸ್ಸಿನ ಮಿತಿ ಸಮೀಪಿಸುತ್ತಿರುವುದರಿಂದ ಮುಂದಿನ ಪ್ರಕಟಣೆಯನ್ನು ತಪ್ಪಿಸಿಕೊಳ್ಳಬೇಡಿ.

ಇದರ ಜೊತೆಗೆ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಶಿಷ್ಯವೇತನವನ್ನೂ ವಿಚಾರಿಸಿ. ಊರು ಬಿಡಲು ಸಿದ್ಧರಿದ್ದರೆ ಕೋಲ್ಕತ್ತದ ಟಾಲಿಗಂಜ್‌ನಲ್ಲಿ 1977ರಿಂದ ನಡೆಯುತ್ತಿರುವ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿ ಇದೆ. ಅಲ್ಲಿ ವಿದ್ಯಾರ್ಥಿವೇತನ ಪಡೆದು ಗುರುಗಳ ಸಮೀಪದಲ್ಲೇ ವಾಸವಿದ್ದು ಕಲಿಯುವ ಪದ್ಧತಿ ಇನ್ನೂ ಉಳಿದಿದೆ. ಆಕಾಶವಾಣಿಯ ಧ್ವನಿಪರೀಕ್ಷೆಗೂ ಈಗಲೇ ಕೂರಿ. ಆರಂಭದ ದರ್ಜೆಯಾದ ಬಿ ಗ್ರೇಡ್ ಸಿಕ್ಕರೂ ಕಾರ್ಯಕ್ರಮಕ್ಕೆ ಇಷ್ಟೆಂದು ಸಂಭಾವನೆ ಬರುತ್ತದೆ, ಸಂಘಟಕರೂ ಗ್ರೇಡ್ ಕೇಳಿಯೇ ಮುಂದಿನ ಮಾತಾಡುತ್ತಾರೆ.

ತಂದೆಯವರ ಆತಂಕವನ್ನು ನಾನು ತಳ್ಳಿಹಾಕಲಾರೆ. 5,000 ರೂಪಾಯಿಯಲ್ಲಿ ಕೋಣೆಯ ಬಾಡಿಗೆ ಕೊಟ್ಟು ಊಟದ ಡಬ್ಬಿ ತರಿಸಿಕೊಂಡರೆ, ವಾರಕ್ಕೆರಡು ದಿನ ತಬಲಾ ಸಾಥಿಗೆ ಬರುವವರ ಕೈಗಿಡಲು ಏನೂ ಉಳಿಯುವುದಿಲ್ಲ.

ನಾವು ನಾಲ್ವರು ಗೆಳೆಯರು. ಬೇಂದ್ರೆಯವರ ಎರಡು, ಶಿಶುನಾಳ ಶರೀಫರ ಮೂರು, ನಮ್ಮಲ್ಲೊಬ್ಬಳು ಬರೆದ ಮೂರು ರಚನೆಗಳಿಗೆ ಸ್ವರ ಸಂಯೋಜಿಸಿದ್ದೇವೆ. ಒಂದು ಆಡಿಯೊ ಕಂಪನಿ ಸ್ಟುಡಿಯೊ ಖರ್ಚೆಲ್ಲ ತನ್ನದೆಂದು ಹೇಳಿ, ಮೇಲೆ 60,000 ರೂಪಾಯಿ ಕೊಡಲು ಮುಂದೆ ಬಂದಿದೆ. ಒಪ್ಪಂದದ ಪ್ರತಿ ಲಗತ್ತಿಸಿದ್ದೇವೆ. ಸಹಿ ಹಾಕಬಹುದೇ? — ಶಿವಮೊಗ್ಗ

ಈ ರೂಪದಲ್ಲಿ ಹಾಕಬೇಡಿ. ಎರಡನೆಯ ಪುಟದಲ್ಲಿ "ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ, ಯಾವುದೇ ಹೆಚ್ಚಿನ ಪಾವತಿಯಿಲ್ಲದೆ" ಎಂಬ ಒಂದು ವಾಕ್ಯವಿದೆ. 60,000 ರೂಪಾಯಿ ಕೊಡುತ್ತಿರುವುದು ಆ ಒಂದು ವಾಕ್ಯಕ್ಕೆ. ಉಳಿದ ಪುಟಗಳಲ್ಲಿರುವುದೆಲ್ಲ ಔಪಚಾರಿಕ.

ನಮ್ಮ ಕಾಪಿರೈಟ್ ಕಾಯಿದೆಯ ಪ್ರಕಾರ ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು, ಸಂಗೀತದ ಹಕ್ಕು, ಧ್ವನಿಮುದ್ರಿಕೆಯ ಹಕ್ಕು ಎಂದು ಮೂರು ಬೇರೆ ಬೇರೆ ಹಕ್ಕುಗಳಿವೆ. ಹಾಡಿದವರು ಮತ್ತು ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಇನ್ನೊಂದು. ಇವುಗಳಲ್ಲಿ ಧ್ವನಿಮುದ್ರಿಕೆ ಸೇರುವುದು ಅದರ ನಿರ್ಮಾಪಕರಿಗೆ, ಅಂದರೆ ಮುಂದಾಳತ್ವ ಮತ್ತು ಹೊಣೆ ಹೊತ್ತು ಅದನ್ನು ಮಾಡಿಸಿದವರಿಗೆ. ಪ್ರಕಟವಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಅದು ಅವರದೇ. ಹೀಗಾಗಿ ಕಂಪನಿ ಖರ್ಚು ಹಾಕಿ ಮಾಡಿಸಿದರೆ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಿಕೆ, ಕಂಪನಿಯದಾಗುವುದು ಸಹಜ, ಅದರಲ್ಲಿ ಮೋಸವೇನೂ ಇಲ್ಲ. ಮೋಸವಾಗುವುದು ನಿಮ್ಮ ಸಾಹಿತ್ಯ ಮತ್ತು ಸ್ವರ ಸಂಯೋಜನೆಯನ್ನೂ ಅದೇ ಗಂಟಿನಲ್ಲಿ ಕಟ್ಟಿ ಕೊಟ್ಟಾಗ.

2012ರ ತಿದ್ದುಪಡಿ ಇದಕ್ಕೇ ಒಂದು ತಡೆ ಹಾಕಿದೆ. ಸಿನಿಮಾಕ್ಕೆ ಸೇರದ ಧ್ವನಿಮುದ್ರಿಕೆಯಲ್ಲಿ ಬಳಕೆಯಾದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು, ಆ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ತಮ್ಮ ಹಕ್ಕು ಪಡೆದವರೊಂದಿಗೆ ಸಮಪಾಲು ಪಡೆಯುವ ಅಧಿಕಾರವನ್ನು ಬರೆದುಕೊಡುವಂತೆಯೇ ಇಲ್ಲ. ಬರೆದುಕೊಟ್ಟರೂ ಅದು ಊರ್ಜಿತವಾಗದು. ವಾರಸುದಾರರಿಗೆ ಅಥವಾ ರಾಯಲ್ಟಿ ಸಂಗ್ರಹಿಸುವ ಕಾಪಿರೈಟ್ ಸೊಸೈಟಿಗೆ ಮಾತ್ರ ಅದನ್ನು ಒಪ್ಪಿಸಬಹುದು. ಆದ್ದರಿಂದ "ಹೆಚ್ಚಿನ ಪಾವತಿಯಿಲ್ಲದೆ" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಆದರೆ ಶಿವಮೊಗ್ಗದಿಂದ ಬೆಂಗಳೂರಿಗೆ ಓಡಾಡಿ ವಕೀಲರ ಶುಲ್ಕ ಕಟ್ಟಿ ಅದನ್ನು ಸಾಧಿಸುವುದಕ್ಕಿಂತ, ಸಹಿಗೆ ಮೊದಲೇ ಆ ಸಾಲನ್ನು ಹೊಡೆಸಿಹಾಕುವುದು ಸುಲಭ. ಅವಧಿಯನ್ನು ಐದು ಅಥವಾ ಹತ್ತು ವರ್ಷಕ್ಕೆ ಇಳಿಸಲು ಕೇಳಿ. ಆರು ತಿಂಗಳಿಗೊಮ್ಮೆ ಲೆಕ್ಕಪತ್ರ ಕೊಡಬೇಕೆಂದು ಬರೆಸಿ. ಒಪ್ಪಂದದಲ್ಲಿ ಅವಧಿಯನ್ನೇ ಹೇಳದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ ತಿಳಿಯುತ್ತದೆ. ನಿಮ್ಮ ಕಂಪನಿಯವರು ಎರಡನ್ನೂ ಹೇಳಲು ಮರೆತಿಲ್ಲ!

ಇನ್ನು ಕವಿತೆಗಳ ವಿಚಾರ. ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳು ಎಲ್ಲರ ಸೊತ್ತು. ಆದರೆ ಈಗ ಜನಪ್ರಿಯವಾಗಿರುವ ಧಾಟಿಗಳಲ್ಲಿ ಹಲವು ಇತ್ತೀಚಿನ ಸಂಯೋಜಕರವು, ಅವುಗಳ ಮೇಲೆ ಹಕ್ಕು ಇದೆ. ನಿಮ್ಮ ಧಾಟಿ ಹೊಸದಾಗಿದ್ದರೆ ತೊಂದರೆಯಿಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಕರ್ತೃವಿನ ನಿಧನಾನಂತರ 60 ವರ್ಷ ಹಕ್ಕು ಉಳಿಯುವುದರಿಂದ 2041ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಕಂಪನಿಯ ಒಪ್ಪಂದದಲ್ಲಿ "ಎಲ್ಲ ಅನುಮತಿಗಳನ್ನೂ ಕಲಾವಿದರೇ ಪಡೆದಿದ್ದಾರೆ" ಎಂದು ಬರೆದಿರುವುದನ್ನು ಗಮನಿಸಿದಿರಾ? ನಾಳೆ ದಾವೆ ಬಿದ್ದರೆ ಅದರ ಭಾರ ನಿಮ್ಮ ಮೇಲೆ.

ನನ್ನನ್ನು ಕೇಳಿದರೆ ಎಂಟು ಹಾಡುಗಳ ಆಸೆ ಸದ್ಯಕ್ಕೆ ಬಿಟ್ಟು, ಗೆಳತಿ ಬರೆದ ಮೂರರಲ್ಲಿ ಎರಡನ್ನು ಸ್ವಂತ ಖರ್ಚಿನಲ್ಲಿ ಮಾಡಿ. ಸ್ಟುಡಿಯೊದಲ್ಲಿ ಹಣ ಸೋರುವುದು ಷಿಫ್ಟ್ ಲೆಕ್ಕದಲ್ಲಿ. ಎರಡನೆಯ ಚರಣದ ಏರುಸ್ವರದಲ್ಲಿ ಶ್ರುತಿ ನಿಲ್ಲುತ್ತಿಲ್ಲವೆಂದು ಹತ್ತು ಸಲ ಹಾಡಿದರೂ, ಪಲ್ಲವಿಗೆ ಕೊಳಲು ಬೇಕೋ ವಯಲಿನ್ ಬೇಕೋ ಎಂದು ಅಲ್ಲೇ ನಿಂತು ಚರ್ಚಿಸಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಲಯ ಎಣಿಸುವ ಕ್ಲಿಕ್ ಸದ್ದು ಹಾಕಿಕೊಂಡು ಮನೆಯಲ್ಲೇ ಲಯ ಗಟ್ಟಿಮಾಡಿ, ತಾಳವಾದ್ಯ ಮತ್ತು ಕೀಬೋರ್ಡಿನ ಟ್ರ್ಯಾಕನ್ನು ಮೊದಲೇ ಸಿದ್ಧಪಡಿಸಿ, ಧ್ವನಿ ಮತ್ತು ಒಂದು ಜೀವಂತ ವಾದ್ಯಕ್ಕಷ್ಟೇ ಸ್ಟುಡಿಯೊ ಹಿಡಿಯಿರಿ. ಮಿಕ್ಸಿಂಗ್ ಮುಗಿದ ಮೇಲೆ ಬಿಡಿ ಟ್ರ್ಯಾಕ್‌ಗಳ ಕಡತವನ್ನು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಬರೆದವರೂ ಸಂಯೋಜಿಸಿದವರೂ ಐಪಿಆರ್‌ಎಸ್ ಎಂಬ ಕಾಪಿರೈಟ್ ಸೊಸೈಟಿಯ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ. 1969ರಲ್ಲಿ ಹುಟ್ಟಿದ ಈ ಸಂಸ್ಥೆ ಬಾನುಲಿ, ವೇದಿಕೆ, ಅಂತರ್ಜಾಲಗಳಿಂದ ಸಾಹಿತ್ಯ–ಸಂಗೀತದ ರಾಯಲ್ಟಿ ಸಂಗ್ರಹಿಸಿ ಹಂಚುತ್ತದೆ. ಸದಸ್ಯರಾಗಿಯೂ ಹಾಡು ದಾಖಲಿಸದವರಿಗೆ ಏನೂ ಬರುವುದಿಲ್ಲ. ಪ್ರತಿ ಧ್ವನಿಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು ಬೇಕು, ಅದನ್ನು ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರೇ ಕೊಡುತ್ತಾರೆ. ಸ್ಟ್ರೀಮಿಂಗ್ ಹಣದ ಮೇಲೆ ಮಾತ್ರ ಲೆಕ್ಕ ಹಾಕಬೇಡಿ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದ ಧ್ವನಿಮುದ್ರಿಕೆಗೆ ರಾಯಲ್ಟಿಯನ್ನೇ ಎಣಿಸುತ್ತಿಲ್ಲ.

ನಾನು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ರ‍್ಯಾಪ್ ಮಾಡುತ್ತೇನೆ. ಯಾವ ಯೋಜನೆಯ ಅರ್ಜಿ ತೆರೆದರೂ ನನ್ನ ಪ್ರಕಾರದ ಹೆಸರೇ ಇರುವುದಿಲ್ಲ. ದೊಡ್ಡ ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಸಿಗಬಹುದೇ? — ಹುಬ್ಬಳ್ಳಿ

ನಿಮ್ಮ ದೂರು ನ್ಯಾಯವಾದದ್ದು. ನಮ್ಮ ಯೋಜನೆಗಳೆಲ್ಲ ಶಾಸ್ತ್ರೀಯ, ಸುಗಮ, ಜಾನಪದ ಎಂಬ ಮೂರು ಕಂಬಗಳ ನಡುವೆ ಓಡಾಡುತ್ತವೆ. ಕಾಪಾಡಬೇಕಾದದ್ದಕ್ಕೆ ಅಲ್ಲಿ ಹಣವಿದೆ, ಈಗ ಹುಟ್ಟುತ್ತಿರುವುದಕ್ಕೆ ಇಲ್ಲ. 2013ರ ಕಂಪನಿ ಕಾಯಿದೆಯ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಆ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿಯೂ ಸೇರಿದೆ. ಆದರೆ ಆ ಹಣ ನೋಂದಾಯಿತ ಟ್ರಸ್ಟು, ಸಂಘಗಳ ಮೂಲಕ ಹೋಗುತ್ತದೆಯೇ ಹೊರತು ಒಬ್ಬ ಗಾಯಕರ ಖಾತೆಗೆ ಬರುವುದಿಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ. "ಆಲ್ಬಂ ಮಾಡುತ್ತೇನೆ" ಎಂದಷ್ಟೇ ಬರೆದರೆ ಅಲ್ಲಿ ಸಾಲದು. ಹುಬ್ಬಳ್ಳಿಯ ಆಡುಮಾತಿನ ಲಯ ನಿಮ್ಮ ಸಾಲುಗಳನ್ನು ಹೇಗೆ ಬದಲಿಸುತ್ತಿದೆ ಎಂಬಂಥ ಒಂದು ಹುಡುಕಾಟದ ರೂಪದಲ್ಲಿ ಪ್ರಸ್ತಾವ ಬರೆಯಿರಿ.

ಮೈಸೂರಿನ ಮಹಾರಾಜರು ರಷ್ಯಾದ ಸಂಗೀತಗಾರರೊಬ್ಬರ ರೆಕಾರ್ಡುಗಳಿಗೆ ಹಣ ಕೊಟ್ಟಿದ್ದರೆಂದು ಕೇಳಿದ್ದೇನೆ. ನಿಜವೇ? — ಮೈಸೂರು

ನಿಜ. ಹಾಗೆ ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರು, ಪಡೆದವರು ನಿಕೊಲಾಯ್ ಮೆಟ್ನರ್. 1921ರಲ್ಲಿ ರಷ್ಯಾ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ಈ ಸಂಯೋಜಕರ ಕೃತಿಗಳನ್ನು ಕೇಳುವವರು ಕಡಿಮೆಯಾಗಿದ್ದರು, ಆರೋಗ್ಯವೂ ಕೆಟ್ಟಿತ್ತು. ಮಹಾರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಸಂಯೋಜಕರೇ ಪಿಯಾನೊ ನುಡಿಸುವಂತೆ ಏರ್ಪಾಡು ಮಾಡಿ, ಪಿಯಾನೊ ಮತ್ತು ವಾದ್ಯವೃಂದಕ್ಕೆಂದು ಅವರು ಬರೆದ ಮೂರು ಕಾನ್ಚೆರ್ಟೊಗಳೂ ಸೇರಿದಂತೆ ಹಲವು ಕೃತಿಗಳನ್ನು ಎಚ್‌ಎಂವಿ ರೆಕಾರ್ಡ್ ಕಂಪನಿಯ ಮೂಲಕ ಧ್ವನಿಮುದ್ರಣ ಮಾಡಿಸಿದರು. ಮೆಟ್ನರ್ ತಮ್ಮ ಮೂರನೆಯ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರ ಕೈಬೆರಳಿನ ನಾದ ಇಂದು ನಮಗೆ ಇಷ್ಟು ವಿಸ್ತಾರವಾಗಿ ಉಳಿದಿರುವುದಕ್ಕೆ ಮೈಸೂರಿನ ಹಣ ಕಾರಣ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದದ್ದು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮದ ಖರ್ಚಿಗೆ ಖಾತರಿ ನಿಂತವರೂ ನಮ್ಮ ಮಹಾರಾಜರೇ. ಹಾಡನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳುಹಿಸಲಾಯಿತು. ಅರಮನೆಯಲ್ಲಿ ಆಗ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು.

ಇಲ್ಲಿನ ಸರ್ಕಾರ ಹೊಸ ಕಲಾವಿದರ ಆಲ್ಬಂಗೆ ಹಣ ಕೊಡುತ್ತದಂತೆ. ಕನ್ನಡ ಹಾಡುಗಳಿಗೂ ಸಿಗುತ್ತದೆಯೇ? — ಟೊರೊಂಟೊ, ಕೆನಡಾ

ನೀವು ಹೇಳುತ್ತಿರುವುದು ಫ್ಯಾಕ್ಟರ್ ಎಂಬ ಸಂಸ್ಥೆಯ ಬಗ್ಗೆ. ಕೆನಡಾದ ರೇಡಿಯೊಗಳು ಪ್ರಸಾರ ಮಾಡುವ ಸಂಗೀತದಲ್ಲಿ ಶೇ 30 ಸ್ವದೇಶದ್ದೇ ಆಗಿರಬೇಕೆಂಬ ನಿಯಮ 1971ರಲ್ಲಿ ಬಂತು. ಈಗ ಜನಪ್ರಿಯ ಸಂಗೀತಕ್ಕೆ ಅದು ಶೇ 35. ಕಾಯಿದೆ ಮಾಡಿದ ಮಾತ್ರಕ್ಕೆ ಒಳ್ಳೆಯ ಧ್ವನಿಮುದ್ರಿಕೆಗಳು ಹುಟ್ಟಲಿಲ್ಲವಾದ್ದರಿಂದ ಖಾಸಗಿ ಬಾನುಲಿಯವರೇ ಸಂಗೀತ ಉದ್ಯಮದ ಸಂಘಗಳ ಜೊತೆ ಸೇರಿ 1982ರಲ್ಲಿ ಈ ನಿಧಿ ಕಟ್ಟಿದರು. ಇಂದು ಅದಕ್ಕೆ ಬಾನುಲಿಗಳ ಹಣವೂ ಕೇಂದ್ರ ಸರ್ಕಾರದ ಹಣವೂ ಸೇರುತ್ತದೆ. ಆಲ್ಬಂ ಯೋಜನೆಗೆ ಅರ್ಹ ಖರ್ಚಿನ ಶೇ 75ರವರೆಗೆ ಸಿಗಬಹುದು, ಉಳಿದದ್ದು ನಿಮ್ಮದು. ಪೌರತ್ವ ಅಥವಾ ಕಾಯಂ ನಿವಾಸದ ಪರವಾನಗಿ ಬೇಕು, ವಿದ್ಯಾರ್ಥಿ ವೀಸಾ ಸಾಲದು. ಫ್ರೆಂಚ್ ಹಾಡುಗಳಿಗೆ ಮ್ಯೂಸಿಕಾಕ್ಷನ್ ಎಂಬ ಬೇರೆ ಸಂಸ್ಥೆಯಿದೆ. ಕನ್ನಡದಲ್ಲಿ ಹಾಡಿದವರು ಫ್ಯಾಕ್ಟರ್‌ಗೇ ಅರ್ಜಿ ಹಾಕಬೇಕು.

ಭಾರತದಲ್ಲೂ ಎಫ್‌ಎಂ ವಾಹಿನಿಗಳು ಹಾಡುಗಳಿಗೆ ಹಣ ಕೊಡುತ್ತವೆ. 2010ರಲ್ಲಿ ಕಾಪಿರೈಟ್ ಮಂಡಳಿ ಅದನ್ನು 2020ರವರೆಗೆ ನಿವ್ವಳ ಜಾಹೀರಾತು ಆದಾಯದ ಶೇ 2 ಎಂದು ನಿಗದಿಪಡಿಸಿತ್ತು. ಆದರೆ ಆ ಹಣ ಹಳೆಯ ಹಾಡುಗಳ ಮಾಲೀಕರಿಗೆ ಹೋಗುತ್ತದೆ. ಅದರ ಒಂದು ಸಣ್ಣ ಭಾಗವನ್ನು ಹೊಸಬರ ಧ್ವನಿಮುದ್ರಣಕ್ಕೆ ತೆಗೆದಿಡುವ ವ್ಯವಸ್ಥೆಯನ್ನು ಇಲ್ಲೂ ತರಬಹುದು ಎಂಬುದು ನನ್ನ ಅಭಿಪ್ರಾಯ.

ಪುರಂದರದಾಸರ ಕೀರ್ತನೆ ಹಾಡಿ ಯೂಟ್ಯೂಬ್‌ಗೆ ಹಾಕಿದೆ. ಒಂದು ಕಂಪನಿ ಹಕ್ಕು ಸಾಧಿಸಿದ್ದರಿಂದ ಜಾಹೀರಾತಿನ ಅಲ್ಪಸ್ವಲ್ಪ ಹಣವೂ ಅವರಿಗೆ ಹೋಗುತ್ತಿದೆ. — ತುಮಕೂರು

ದಾಸರ ಪದ ಯಾರ ಸ್ವಂತದ್ದೂ ಅಲ್ಲ, ಆ ಕಂಪನಿಯ ಧ್ವನಿಮುದ್ರಿಕೆ ಮಾತ್ರ ಅದರದು. ಹಾಡುಗಳನ್ನು ಹೋಲಿಸಿ ಗುರುತಿಸುವ ಯೂಟ್ಯೂಬಿನ ಯಂತ್ರ ಎರಡನ್ನೂ ಒಂದೆಂದು ತಿಳಿದಿರಬಹುದು. ಇಂಥ ಸೂಚನೆ ಬಂದ ಐದು ದಿನದೊಳಗೆ ತಕರಾರು ಸಲ್ಲಿಸಿದರೆ ಮೊದಲ ದಿನದಿಂದಲೇ ಆದಾಯವನ್ನು ಯಾರಿಗೂ ಕೊಡದೆ ತಡೆಹಿಡಿಯುತ್ತಾರೆ. ಉತ್ತರಿಸಲು ಎದುರಿನವರಿಗೆ 30 ದಿನ ಇರುತ್ತದೆ. ಆದರೆ ಪಕ್ಕವಾದ್ಯಕ್ಕೆ ಎಲ್ಲಿಂದಲೋ ಇಳಿಸಿಕೊಂಡ ಕೆರೋಕೆ ಟ್ರ್ಯಾಕ್ ಬಳಸಿದ್ದರೆ ಕಂಪನಿಯ ಮಾತೇ ಸರಿಯಾಗಬಹುದು. ಹಾಗಿದ್ದರೆ ತಕರಾರು ಬೇಡ. ಆ ವಿಡಿಯೊ ತೆಗೆದು, ತಂಬೂರಿ ಮತ್ತು ಮೃದಂಗ ಇಟ್ಟುಕೊಂಡು ಮತ್ತೊಮ್ಮೆ ಹಾಡಿ ಹಾಕಿ.